ಗಡಿ ದಾಟುವ ಲಾರಿಗೆ ಏನೇನು ಕಾಗದ ಬೇಕು?

ಬೆಳಗಾವಿ, ವಿಜಯಪುರ, ಬಾಗಲಕೋಟೆ, ನಮ್ಮ ಈ ಮೂರೂ ಜಿಲ್ಲೆಗಳ ಲಾರಿ ಮಾಲೀಕರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ‘ನ್ಯಾಷನಲ್ ಪರ್ಮಿಟ್ ಇದೆ, ಆದರೂ ಗಡಿಯಾಚೆ ಗಾಡಿ ಹಿಡಿದರು. ಇನ್ನೇನು ಬೇಕಿತ್ತು?’ ಬೆಳಗಾವಿಯವರು ನಿಪ್ಪಾಣಿ ದಾಟಿ ಕೊಲ್ಹಾಪುರಕ್ಕೆ ಹೋಗುತ್ತಾರೆ. ವಿಜಯಪುರದವರು ಧೂಳಖೇಡ ದಾಟಿ ಸೊಲ್ಲಾಪುರಕ್ಕೆ, ಅಥಣಿಯವರು ಕಾಗವಾಡ ದಾಟಿ ಮಿರಜಕ್ಕೆ. ದಾರಿ ಬೇರೆ ಬೇರೆ, ತಕರಾರು ಮಾತ್ರ ಅದೇ.

ಗಡಿಯಲ್ಲಿ ನೋಡುವುದು ಮೂರು ಕಟ್ಟು ಕಾಗದ. ಒಂದು ಗಾಡಿಯದು, ಇನ್ನೊಂದು ಸರಕಿನದು, ಮತ್ತೊಂದು ನಿಮ್ಮ ವ್ಯವಹಾರದ್ದು. ಮೂರಕ್ಕೂ ಕಾನೂನು ಬೇರೆ, ಅವಧಿ ಬೇರೆ. ಆರ್‌ಟಿಒ ಏಜೆಂಟ್ ಮಾಡಿಕೊಡುವುದು ಸಾಮಾನ್ಯವಾಗಿ ಮೊದಲ ಕಟ್ಟನ್ನು ಮಾತ್ರ. ‘ಎಲ್ಲಾ ಮಾಡಿಸಿದ್ದೀನಿ’ ಎನ್ನುವವರ ಫೈಲಿನಲ್ಲೂ ಇರುವುದು ಅದೊಂದೇ. ಉಳಿದ ಎರಡರ ಬಗ್ಗೆ ಯಾರೂ ನೆನಪಿಸುವುದಿಲ್ಲ. ಹಾಗಾಗಿ ಈ ಬರಹದಲ್ಲಿ ಅವಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಕಬ್ಬಿನ ಟ್ರ್ಯಾಕ್ಟರ್ ಮತ್ತು ಪ್ರಯಾಣಿಕರ ಗಾಡಿಗಳನ್ನು ಇಲ್ಲಿ ಸೇರಿಸಿಲ್ಲ. ಅವುಗಳ ಲೆಕ್ಕವೇ ಬೇರೆ.

1. ನೀವು ಗಾಡಿ ಮಾಲೀಕರೋ, ಟ್ರಾನ್ಸ್‌ಪೋರ್ಟರೋ?

ಮೊದಲು ಇದನ್ನು ತೀರ್ಮಾನಿಸಿಕೊಳ್ಳಿ. ಮುಂದಿನ ಅರ್ಧ ಕೆಲಸ ಇದರ ಮೇಲೆ ನಿಂತಿದೆ.

ನಿಮ್ಮ ಬಳಿ ಎರಡು ಲಾರಿ ಇವೆ, ಅವನ್ನು ಒಂದು ಟ್ರಾನ್ಸ್‌ಪೋರ್ಟ್ ಕಂಪನಿಗೆ ಬಾಡಿಗೆಗೆ ಬಿಟ್ಟಿದ್ದೀರಿ, ಎಲ್‌ಆರ್ ಬರೆಯುವುದು ಆ ಕಂಪನಿ ಅಂದುಕೊಳ್ಳಿ. ಆಗ ನೀವು ಬರೀ ಗಾಡಿ ಮಾಲೀಕರು. ಎಲ್‌ಆರ್ ಅಂದರೆ ಸರಕನ್ನು ಸಾಗಿಸಲು ಒಪ್ಪಿಕೊಂಡೆ ಎಂದು ಟ್ರಾನ್ಸ್‌ಪೋರ್ಟರ್ ಕೊಡುವ ರಸೀದಿ. ನಮ್ಮ ಕಡೆ ಕೆಲವರು ಬಿಲ್ಟಿ ಎನ್ನುತ್ತಾರೆ. ಗಾಡಿಯನ್ನು ಇನ್ನೊಬ್ಬ ಟ್ರಾನ್ಸ್‌ಪೋರ್ಟರ್‌ಗೆ ಬಾಡಿಗೆಗೆ ಕೊಟ್ಟರೆ ಆ ಬಾಡಿಗೆಯ ಮೇಲೆ ಜಿಎಸ್‌ಟಿ ಇಲ್ಲ. ನಿಮಗೆ 2, 3, 4 ಮತ್ತು 7ನೇ ಹಂತ ಸಾಕು.

ನಿಮ್ಮದೇ ಹೆಸರಿನ ಎಲ್‌ಆರ್ ಪುಸ್ತಕ ಇದೆಯಾ? ಬಂದವರ ಸರಕನ್ನೆಲ್ಲ ಬುಕ್ ಮಾಡಿಕೊಂಡು ಕಳಿಸುತ್ತೀರಾ? ಹಾಗಿದ್ದರೆ ಗಾಡಿ ಒಂದೇ ಇರಲಿ, ಒಂದೂ ಇಲ್ಲದಿರಲಿ, ಕಾನೂನಿನ ಕಣ್ಣಿಗೆ ನೀವು ಟ್ರಾನ್ಸ್‌ಪೋರ್ಟರ್. ನಿಮಗೆ ಎಲ್ಲ ಹಂತವೂ ಬೇಕು.

ಇಲ್ಲಿ ಆಗುವ ಎಡವಟ್ಟು ಏನೆಂದರೆ, ಮಾಲೀಕರು ಸುಮ್ನೆ ಒಂದು ಎಲ್‌ಆರ್ ಪುಸ್ತಕ ಪ್ರಿಂಟ್ ಮಾಡಿಸಿಕೊಂಡುಬಿಡುತ್ತಾರೆ. ಚೀಟಿ ಹರಿದುಕೊಟ್ಟ ದಿನದಿಂದ ನೋಂದಣಿಯ ಹೊಣೆಯೂ ಜಿಎಸ್‌ಟಿ ಲೆಕ್ಕವೂ ಸರಕಿನ ನಷ್ಟದ ಜವಾಬ್ದಾರಿಯೂ ಬೆನ್ನಿಗೆ ಬೀಳುತ್ತವೆ. ಬೇಡವಾದರೆ ಪುಸ್ತಕ ಮಾಡಿಸಬೇಡಿ.

2. ಗಾಡಿಯ ಮೂಲ ಕಾಗದ

ಆರ್‌ಸಿ, ವಿಮೆ, ಎಫ್‌ಸಿ, ಹೊಗೆ ತಪಾಸಣೆ ಪತ್ರ, ರಸ್ತೆ ತೆರಿಗೆ. ಇವು ನಿಮಗೆ ಗೊತ್ತಿರುವುದೇ. ಆದರೂ ಎರಡು ಮಾತು ಹೇಳಬೇಕು.

ಎಫ್‌ಸಿ ಅಂದರೆ ಗಾಡಿ ರಸ್ತೆಗೆ ಯೋಗ್ಯ ಎಂಬ ಪ್ರಮಾಣಪತ್ರ. ಗಾಡಿಗೆ 8 ವರ್ಷ ಆಗುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಮಾಡಿಸಬೇಕು. ಒಂಬತ್ತನೇ ವರ್ಷದಲ್ಲಿ ಎಷ್ಟೋ ಮಂದಿ ಮರೆಯುವುದು ಇದನ್ನೇ. ಅಭ್ಯಾಸಬಲದಿಂದ ಇನ್ನೂ ಎರಡು ವರ್ಷ ಇದೆ ಅಂದುಕೊಂಡಿರುತ್ತಾರೆ.

ಇನ್ನೊಂದು, ಬಾಕಿ ಚಲನ್. ಪುಣೆಯ ಕ್ಯಾಮೆರಾ ಹಾಕಿದ ದಂಡ ನಿಮ್ಮ ಮೊಬೈಲ್‌ಗೆ ಬಂದಿರುವುದಿಲ್ಲ, ಯಾಕಂದರೆ ಆರ್‌ಸಿಯಲ್ಲಿರುವುದು ಹಳೆಯ ಮಾಲೀಕನ ನಂಬರ್. ಎಫ್‌ಸಿಗೋ ಪರ್ಮಿಟ್‌ಗೋ ಅರ್ಜಿ ಹಾಕಿದಾಗ ಅದು ಅಡ್ಡ ಬರುತ್ತದೆ. ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡವರು ಮೊದಲು ಪರಿವಾಹನ್ ಜಾಲತಾಣದಲ್ಲಿ ಮೊಬೈಲ್ ನಂಬರ್ ಬದಲಿಸಿ, ಚಲನ್ ನೋಡಿಕೊಳ್ಳಿ.

ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಆಪ್‌ನಲ್ಲಿ ತೋರಿಸಿದರೆ ಮೋಟಾರು ವಾಹನ ನಿಯಮಗಳ 2018ರ ತಿದ್ದುಪಡಿಯ ಪ್ರಕಾರ ಒಪ್ಪಲೇಬೇಕು. ಆದರೆ ಘಾಟಿನಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಡ್ರೈವರ್ ಏನು ತೋರಿಸಬೇಕು? ಒಂದು ಸೆಟ್ ಪ್ರಿಂಟ್ ಗಾಡಿಯಲ್ಲೇ ಇರಲಿ.

3. ನ್ಯಾಷನಲ್ ಪರ್ಮಿಟ್: ಐದು ವರ್ಷ ಒಂದು, ಒಂದು ವರ್ಷ ಇನ್ನೊಂದು

ಕರ್ನಾಟಕದ ಪರ್ಮಿಟ್ ಕರ್ನಾಟಕದೊಳಗೆ ಮಾತ್ರ. ಗಡಿಯಾಚೆ ಹೋಗಲು ಮೂರು ದಾರಿ ಇವೆ.

ಗಾಡಿಯ ಒಟ್ಟು ತೂಕ, ಅಂದರೆ ಸರಕೂ ಸೇರಿ ಆರ್‌ಸಿಯಲ್ಲಿ ಬರೆದಿರುವ ಪಾಸಿಂಗ್ ತೂಕ, 3,000 ಕೆ.ಜಿ. ಮೀರದಿದ್ದರೆ ಪರ್ಮಿಟ್ಟೇ ಬೇಡ. ಮೋಟಾರು ವಾಹನ ಕಾಯ್ದೆಯ 66ನೇ ಕಲಮಿನಲ್ಲೇ ಈ ವಿನಾಯಿತಿ ಇದೆ. ಬೆಳಗಾವಿಯಿಂದ ಗೋವಾಕ್ಕೆ ತರಕಾರಿ ಹೊಡೆಯುವ ಸಣ್ಣ ಗಾಡಿಗಳಿಗೆ ಇದು ಅನ್ವಯಿಸುತ್ತದೆ. ಆದರೆ ಪಿಕಪ್ ಗಾಡಿಗಳಲ್ಲಿ ಕೆಲವು ಮಾದರಿ 3,000 ಕೆ.ಜಿ. ದಾಟುತ್ತವೆ. ಗಾಡಿ ಸಣ್ಣದು ಕಾಣುತ್ತದೆ ಎಂದು ನಂಬಬೇಡಿ, ಆರ್‌ಸಿ ತೆಗೆದು ನೋಡಿ. ಪರ್ಮಿಟ್ ಬೇಡವಾದರೂ ಎಫ್‌ಸಿ, ವಿಮೆ, ಇ-ವೇ ಬಿಲ್ (ಸರಕು ಸಾಗಣೆಗೆ ಜಿಎಸ್‌ಟಿ ವ್ಯವಸ್ಥೆಯಲ್ಲಿ ಆನ್‌ಲೈನ್ ತೆಗೆಯುವ ಚೀಟಿ) ತಪ್ಪುವುದಿಲ್ಲ.

ಯಾವಾಗಲೋ ಒಮ್ಮೆ ಹೋಗುವವರು ತಾತ್ಕಾಲಿಕ ಪರ್ಮಿಟ್ ತೆಗೆದುಕೊಳ್ಳಬಹುದು. ಇದು ಹೆಚ್ಚೆಂದರೆ ನಾಲ್ಕು ತಿಂಗಳಿನದು.

ಉಳಿದವರಿಗೆ ನ್ಯಾಷನಲ್ ಪರ್ಮಿಟ್, ಎಲ್ಲರೂ ಹೇಳುವ ಎನ್‌ಪಿ. ಅರ್ಜಿ ಪರಿವಾಹನ್‌ನಲ್ಲಿ ಆನ್‌ಲೈನ್. ಪರ್ಮಿಟ್‌ಗೆ ನಮೂನೆ 48, ಅದರ ಜೊತೆಗೆ ಬೇರೆ ರಾಜ್ಯಗಳಲ್ಲಿ ಓಡಿಸಲು ಕೊಡುವ ಅನುಮತಿ, ಅಂದರೆ ಆಥರೈಸೇಷನ್‌ಗೆ, ನಮೂನೆ 46. ವರ್ಷಕ್ಕೆ 16,500 ರೂಪಾಯಿ ಒಟ್ಟು ಶುಲ್ಕ, ಆಥರೈಸೇಷನ್‌ಗೆ 1,000 ರೂಪಾಯಿ. ಈ 16,500 ಬೇರೆ ರಾಜ್ಯಗಳ ತೆರಿಗೆಯ ಬದಲಿಗೆ ಕಟ್ಟುವ ಹಣ. ಟೋಲ್ ಇದರಲ್ಲಿ ಸೇರಿಲ್ಲ.

ಈಗ ಮುಖ್ಯ ವಿಷಯ. ಪರ್ಮಿಟ್ ಐದು ವರ್ಷದ್ದು, ಆಥರೈಸೇಷನ್ ಒಂದೇ ವರ್ಷದ್ದು. ಎರಡೂ ಚಾಲ್ತಿಯಲ್ಲಿದ್ದರೆ ಮಾತ್ರ ಗಾಡಿ ಗಡಿ ದಾಟಬಹುದು. ಪರ್ಮಿಟ್ ಹಾಳೆಯ ಮೇಲಿನ ಐದು ವರ್ಷದ ತಾರೀಖು ನೋಡಿ ನಿಶ್ಚಿಂತೆಯಿಂದ ಇರುವವರೇ ಸಿಕ್ಕಿಬೀಳುತ್ತಾರೆ. ಆಥರೈಸೇಷನ್ ಮುಗಿದ ಗಾಡಿ ಮಹಾರಾಷ್ಟ್ರದಲ್ಲಿ ಪರ್ಮಿಟ್ ಇಲ್ಲದ ಗಾಡಿಯೇ. ಪರ್ಮಿಟ್ ಇಲ್ಲದೆ ಓಡಿಸಿದರೆ ಕಾಯ್ದೆಯಲ್ಲಿ 10,000 ರೂಪಾಯಿ ದಂಡವಿದೆ, ಆರು ತಿಂಗಳವರೆಗೆ ಸಜೆಯೂ ಇದೆ.

ವಯಸ್ಸಿನ ಮಿತಿ ಗಮನಿಸಿ. ಸಾಮಾನ್ಯ ಲಾರಿಗೆ 12 ವರ್ಷ, ಮಲ್ಟಿ ಆಕ್ಸಲ್‌ಗೆ 15 ವರ್ಷ ತುಂಬಿದರೆ ಎನ್‌ಪಿ ತಾನಾಗಿಯೇ ಬಿದ್ದುಹೋಗುತ್ತದೆ. ಹತ್ತು ವರ್ಷದ ಹಳೆ ಗಾಡಿಯನ್ನು ‘ಎನ್‌ಪಿ ಸಮೇತ’ ಎಂದು ಜಾಸ್ತಿ ರೇಟಿಗೆ ಮಾರಲು ಬಂದರೆ ಉಳಿದಿರುವುದು ಎಷ್ಟು ದಿನ ಎಂದು ಲೆಕ್ಕ ಹಾಕಿ.

ರಿಟರ್ನ್ ಲೋಡ್ ವಿಷಯದಲ್ಲಿ ಒಂದು ಬಲೆ ಇದೆ. ಎನ್‌ಪಿ ಗಾಡಿ ಬೇರೆ ರಾಜ್ಯದೊಳಗೆ ಒಂದೂರಿನಲ್ಲಿ ಸರಕು ತುಂಬಿ ಅದೇ ರಾಜ್ಯದ ಇನ್ನೊಂದೂರಿನಲ್ಲಿ ಇಳಿಸುವಂತಿಲ್ಲ. ಬೆಳಗಾವಿಯಿಂದ ಪುಣೆಗೆ ಎರಕದ ಸಾಮಾನು ಒಯ್ದಿರಿ, ಪುಣೆಯಿಂದ ಬೆಳಗಾವಿಗೆ ಏನಾದರೂ ತಂದಿರಿ, ಅದು ಸರಿ. ಖಾಲಿ ಬರುವುದೇಕೆ ಎಂದು ಪುಣೆಯಿಂದ ಕೊಲ್ಹಾಪುರಕ್ಕೆ ಲೋಡ್ ಹಿಡಿದರೆ ಅದು ಪರ್ಮಿಟ್ ಷರತ್ತಿನ ಉಲ್ಲಂಘನೆ. ಮೊಬೈಲ್ ಆಪ್‌ಗಳಲ್ಲಿ ಇಂಥ ಲೋಡ್ ದಿನವೂ ಬರುತ್ತವೆ. ಆಪ್‌ನವರು ನಿಮ್ಮ ಪರ್ಮಿಟ್ ನೋಡುವುದಿಲ್ಲ.

ಎನ್‌ಪಿ ಗಾಡಿಗೆ ಫಾಸ್ಟ್ಯಾಗ್ ಕಡ್ಡಾಯ. ಮುಂದೆ ಹಿಂದೆ ಎನ್‌ಪಿ ಎಂದು ದಪ್ಪಗೆ ಬರೆಸಿರಬೇಕು. ಹೊಳೆಯುವ ಪಟ್ಟಿ ಅಂಟಿಸಿರಬೇಕು. ಬಾಡಿ ತೆರೆದಿದ್ದರೆ ಸರಕಿನ ಮೇಲೆ ತಾಡಪತ್ರಿ ಹೊದಿಸಿರಬೇಕು. ಸಣ್ಣ ವಿಷಯ ಅನಿಸುತ್ತದೆ. ಆದರೆ ನಿಲ್ಲಿಸಲು ನೆಪ ಬೇಕಾದಾಗ ಮೊದಲು ಕಣ್ಣಿಗೆ ಬೀಳುವುದು ಇವೇ.

ಗೋವಾ ಕಡೆ ಹೋಗುವವರಿಗೆ ಇನ್ನೊಂದು ಮಾತು. ಮಳೆಗಾಲದಲ್ಲಿ ಅನಮೋಡ, ಚೋರ್ಲಾ ಘಾಟಿನಲ್ಲಿ ಭಾರೀ ಗಾಡಿಗಳಿಗೆ ನಿರ್ಬಂಧದ ಆದೇಶ ಬರುವುದುಂಟು. ಎನ್‌ಪಿ ಇದೆ ಎಂದು ಆ ಆದೇಶ ಮೀರಲು ಬರುವುದಿಲ್ಲ. ಹೊರಡುವ ಮೊದಲು ವಿಚಾರಿಸಿ.

4. ತೂಕ

2018ರಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ತೂಕದ ಮಿತಿ ಏರಿಸಿತು. ನಾಲ್ಕು ಟೈರಿನ ಒಂದು ಆಕ್ಸಲ್‌ಗೆ 10.2 ಟನ್ ಇದ್ದದ್ದು 11.5 ಟನ್ ಆಯಿತು. ಅಂದಿನಿಂದ ‘ಈಗ ಜಾಸ್ತಿ ಹಾಕಬಹುದು’ ಎಂಬ ಮಾತು ಅಡ್ಡೆಗಳಲ್ಲಿ ಓಡಾಡುತ್ತಿದೆ. ನಿಮ್ಮ ಗಾಡಿಗೆ ಎಷ್ಟು ಎಂಬುದು ನಿಮ್ಮ ಆರ್‌ಸಿಯಲ್ಲಿರುವ ಸಂಖ್ಯೆ ಮಾತ್ರ. ಹಳೆ ಗಾಡಿಯ ಆರ್‌ಸಿಯಲ್ಲಿ ಹಳೆ ಸಂಖ್ಯೆ ಇದ್ದರೆ ಅದೇ ನಿಮ್ಮ ಮಿತಿ.

ಮಿತಿ ಮೀರಿದರೆ 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000. ಮೂರು ಟನ್ ಜಾಸ್ತಿ ಇದ್ದರೆ 26,000. ಹೆಚ್ಚುವರಿ ಸರಕನ್ನು ಅಲ್ಲೇ ಇಳಿಸಬೇಕು. ಹಮಾಲಿ, ಇನ್ನೊಂದು ಗಾಡಿ, ಕಾಯುವ ದಿನ, ಎಲ್ಲ ನಿಮ್ಮದೇ ಖರ್ಚು. ತೂಕ ಮಾಡಿಸದೆ ಓಡಿಹೋದರೆ 40,000. ಸರಕು ಬಾಡಿಯಿಂದ ಅಕ್ಕಪಕ್ಕಕ್ಕೋ ಹಿಂದಕ್ಕೋ ಮಿತಿ ಮೀರಿ ಚಾಚಿದ್ದರೆ ತೂಕ ಸರಿಯಿದ್ದರೂ 20,000.

ಇಳಕಲ್‌ನ ಗ್ರಾನೈಟ್ ಒಯ್ಯುವವರು ಇಲ್ಲಿ ಹುಷಾರಾಗಿರಬೇಕು. ಒಂದು ಘನ ಮೀಟರ್ ಕಲ್ಲು ಸುಮಾರು 2.7 ಟನ್ ತೂಗುತ್ತದೆ. ಎರಡೇ ಬ್ಲಾಕ್ ಅಲ್ವಾ ಎಂದು ಹತ್ತು ಘನ ಮೀಟರ್ ಏರಿಸಿದರೆ ಕಲ್ಲೊಂದೇ 27 ಟನ್. ಅಳತೆ ನೋಡಿ ಅಂದಾಜು ಮಾಡುವ ಬದಲು ಕಾಟಾ ಮಾಡಿಸಿ ಚೀಟಿ ಇಟ್ಟುಕೊಳ್ಳಿ. ಕಲ್ಲಿಗೆ ಗಣಿ ಇಲಾಖೆಯ ಖನಿಜ ಸಾಗಣೆ ಪರವಾನಗಿಯೂ ಬೇಕು. ಅದನ್ನು ಕ್ವಾರಿಯವರು ತೆಗೆಸುತ್ತಾರೆ, ಆದರೆ ಅದು ಇಲ್ಲದೆ ಹೊರಟರೆ ನಿಲ್ಲುವುದು ನಿಮ್ಮ ಗಾಡಿ. ಅದರಲ್ಲಿರುವ ಗಾಡಿ ನಂಬರ್, ತೂಕ, ಅವಧಿ ಮೂರನ್ನೂ ಓದಿಯೇ ಚಾವಿ ತಿರುಗಿಸಿ.

5. ಟ್ರಾನ್ಸ್‌ಪೋರ್ಟ್ ಸಂಸ್ಥೆಯ ನೋಂದಣಿ

ಇದು ಇರುವುದೇ ಬಹಳ ಜನಕ್ಕೆ ಗೊತ್ತಿಲ್ಲ. ಬುಕಿಂಗ್ ಕಚೇರಿ ಇಟ್ಟುಕೊಂಡು ಎಲ್ಲರ ಸರಕನ್ನೂ ಎಲ್‌ಆರ್ ಮೇಲೆ ಸಾಗಿಸುವವರನ್ನು 2007ರ ರಸ್ತೆ ಮೂಲಕ ಸಾಗಣೆ ಕಾಯ್ದೆ ‘ಸಾಮಾನ್ಯ ಸಾಗಣೆದಾರ’ ಎಂದು ಕರೆಯುತ್ತದೆ. ಅವರು ಕಡ್ಡಾಯವಾಗಿ ಸಾರಿಗೆ ಪ್ರಾಧಿಕಾರದಲ್ಲಿ ನೋಂದಣಿ ಮಾಡಿಸಬೇಕು. 2011ರಿಂದ ಇದು ಜಾರಿಯಲ್ಲಿದೆ. ನೋಂದಣಿ 10 ವರ್ಷ ನಡೆಯುತ್ತದೆ.

ಗಾಡಿಯ ಆರ್‌ಸಿ ಬೇರೆ, ಇದು ಬೇರೆ. ಜಿಎಸ್‌ಟಿ ನಂಬರ್ ಬೇರೆ, ಇದು ಬೇರೆ. ಅಂಗಡಿ ಲೈಸೆನ್ಸ್ ತೋರಿಸಿ ‘ಇದೇ ಅಲ್ವಾ’ ಎನ್ನುವವರೂ ಇದ್ದಾರೆ. ಅಲ್ಲ.

ಅರ್ಜಿಯನ್ನು ನಿಮ್ಮ ಮುಖ್ಯ ಕಚೇರಿ ಇರುವ ಜಿಲ್ಲೆಯ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ಮಾಲೀಕರ ಅಥವಾ ಪಾಲುದಾರರ ದಾಖಲೆ, ಕಚೇರಿಯ ವಿಳಾಸದ ದಾಖಲೆ, ಶಾಖೆಗಳ ವಿವರ ಸಿದ್ಧ ಇರಲಿ. ಜಮಖಂಡಿಯಲ್ಲಿ ಮುಖ್ಯ ಕಚೇರಿ, ಸಾಂಗ್ಲಿಯಲ್ಲಿ ಶಾಖೆ ಇದ್ದರೆ ಸಾಂಗ್ಲಿಯ ವಿವರವನ್ನೂ ಬರೆಯಿರಿ. ನೋಂದಣಿ ಬಂದ ಮೇಲೆ ಆ ಸಂಖ್ಯೆಯನ್ನು ಎಲ್‌ಆರ್ ಪುಸ್ತಕದ ಮೇಲೆ ಹಾಕಿಸಿ. ವರ್ಷಕ್ಕೊಮ್ಮೆ ವ್ಯವಹಾರದ ವಿವರ ಸಲ್ಲಿಸಬೇಕು, ಅದನ್ನು ಮರೆಯಬೇಡಿ.

ನೋಂದಣಿ ಇಲ್ಲದೆ ನಡೆಸಿದರೆ ಮೊದಲ ಸಲ 5,000 ರೂಪಾಯಿವರೆಗೆ ದಂಡ. ‘ಅಷ್ಟೇನಾ’ ಎನ್ನುತ್ತೀರಿ. ನಿಜ, ದಂಡ ಸಣ್ಣದು. ಆದರೆ ಈ ಕಾಯ್ದೆ ನಿಮ್ಮ ತಲೆ ಕಾಯುವುದೂ ಉಂಟು. ಸರಕು ಹಾಳಾದರೆ ಅಥವಾ ಕಳೆದರೆ ಟ್ರಾನ್ಸ್‌ಪೋರ್ಟರ್ ಕೊಡಬೇಕಾದ್ದು ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ಬಾಡಿಗೆ 12,000 ಆದರೆ ಹೊಣೆ 1,20,000. ಸರಕಿನ ಬೆಲೆ ಆರು ಲಕ್ಷ ಇದ್ದರೂ ಅಷ್ಟೇ. ಕಳಿಸುವವರು ಹೆಚ್ಚಿನ ಬೆಲೆಯ ಹೊಣೆ ನಿಮ್ಮ ಮೇಲೆ ಹಾಕಬೇಕಾದರೆ ಬುಕಿಂಗ್ ಹೊತ್ತಿನಲ್ಲೇ ಅದನ್ನು ಬರೆದು, ಅದಕ್ಕೆ ತಕ್ಕ ಹೆಚ್ಚು ಹಣ ಕೊಟ್ಟಿರಬೇಕು. ಕಳಿಸುವವರು ಪರಿಹಾರ ಕೇಳಿ ಕೇಸು ಹಾಕುವ ಮೊದಲು ಬುಕಿಂಗ್ ದಿನದಿಂದ 180 ದಿನದೊಳಗೆ ನಿಮಗೆ ಲಿಖಿತ ನೋಟಿಸ್ ಕೊಟ್ಟಿರಬೇಕು.

ಈ ರಕ್ಷಣೆ ನಿಲ್ಲುವುದು ಕಾಗದದ ಮೇಲೆ. ಕಳಿಸುವವರು ಸರಕಿನ ವಿವರ ಬರೆದು ಸಹಿ ಮಾಡಿಕೊಡುವ ಫಾರ್ವರ್ಡಿಂಗ್ ನೋಟ್, ನೀವು ಕೊಡುವ ಎಲ್‌ಆರ್, ಎರಡೂ ಬೇಕು. ನಮ್ಮಲ್ಲಿ ಮೊದಲನೆಯದನ್ನು ಬರೆಸಿಕೊಳ್ಳುವ ರೂಢಿಯೇ ಇಲ್ಲ. ಫೋನಿನಲ್ಲಿ ‘ಇಪ್ಪತ್ತು ಚೀಲ ಕಳಿಸ್ತೀನಿ’ ಅಂದರೆ ಸಾಕು, ಗಾಡಿ ಹೊರಟಿತು. ಎಷ್ಟೋ ದಿನ ಏನೂ ತೊಂದರೆ ಆಗದಿರಬಹುದು. ಒಂದು ಲೋಡ್ ನೆನೆದ ದಿನ ಸರಕು ಏನಿತ್ತು, ಎಷ್ಟಿತ್ತು ಎಂಬುದೇ ಜಗಳ.

6. ಇ-ವೇ ಬಿಲ್

ಸರಕಿನ ಬೆಲೆ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ ಬೇಕು. ಇದರಲ್ಲಿ ಎರಡು ಭಾಗ. ಭಾಗ ಎ ಸರಕಿನದು, ಕಳಿಸುವವರು ತುಂಬುತ್ತಾರೆ. ಭಾಗ ಬಿ ಗಾಡಿ ನಂಬರಿನದು. ಟ್ರಾನ್ಸ್‌ಪೋರ್ಟರ್ ತಾನೇ ಭಾಗ ಬಿ ತುಂಬಬೇಕಾದರೆ ಭಾಗ ಎಯಲ್ಲಿ ಅವರ ಐಡಿ ಇರಬೇಕು. ಜಿಎಸ್‌ಟಿ ನಂಬರ್ ಇಲ್ಲದ ಟ್ರಾನ್ಸ್‌ಪೋರ್ಟರ್‌ಗಳು ಇ-ವೇ ಬಿಲ್ ತಾಣದಲ್ಲಿ ಹೆಸರು ಸೇರಿಸಿ ಟ್ರಾನ್ಸಿನ್ ಎಂಬ 15 ಅಂಕಿಯ ಐಡಿ ಪಡೆಯಬಹುದು.

ಭಾಗ ಬಿ ಖಾಲಿ ಇರುವ ಬಿಲ್ ಹಿಡಿದು ಪುಣೆಗೆ ಹೊರಟರೆ ಬಿಲ್ ಇಲ್ಲದ ಹಾಗೆಯೇ.

ಅವಧಿ ಲೆಕ್ಕ ಹೀಗೆ. ಪ್ರತಿ 200 ಕಿ.ಮೀ.ಗೆ ಅಥವಾ ಅದರ ಭಾಗಕ್ಕೆ ಒಂದು ದಿನ. 2021ಕ್ಕೆ ಮುಂಚೆ 100 ಕಿ.ಮೀ. ಇತ್ತು, ಹಳೆ ಲೆಕ್ಕ ಮರೆತುಬಿಡಿ. ಬೆಳಗಾವಿಯಿಂದ ಪುಣೆ ಸುಮಾರು 340 ಕಿ.ಮೀ., ಹಾಗಾಗಿ ಎರಡು ದಿನ. ಎಣಿಕೆ ಶುರುವಾಗುವುದು ಭಾಗ ಬಿ ಮೊದಲು ತುಂಬಿದಾಗ. ಸೋಮವಾರ ಸಂಜೆ ತುಂಬಿದರೆ ಮೊದಲ ದಿನ ಮುಗಿಯುವುದು ಮಂಗಳವಾರ ಮಧ್ಯರಾತ್ರಿ, ಎರಡನೆಯದು ಬುಧವಾರ ಮಧ್ಯರಾತ್ರಿ.

ದಾರಿಯಲ್ಲಿ ಗಾಡಿ ಕೆಟ್ಟು ಸರಕನ್ನು ಬೇರೆ ಗಾಡಿಗೆ ಹಾಕಿದರೆ ಭಾಗ ಬಿಯಲ್ಲಿ ಹೊಸ ನಂಬರ್ ಹಾಕಿ. ಹಾಗೆ ಹಾಕಿದರೆ ಅವಧಿ ತಾನಾಗಿಯೇ ಬೆಳೆಯುವುದಿಲ್ಲ. ಅದಕ್ಕೆ ಬೇರೆ ವಿಸ್ತರಣೆ ಕೇಳಬೇಕು, ಅವಧಿ ಮುಗಿಯುವ 8 ಗಂಟೆ ಮೊದಲಿನಿಂದ ಮುಗಿದ 8 ಗಂಟೆಯೊಳಗೆ. ಶನಿವಾರ ರಾತ್ರಿ ತಲುಪಿ, ಭಾನುವಾರ ಗೋಡೌನ್ ಬಂದ್ ಇದ್ದು, ಸೋಮವಾರ ಇಳಿಸುವಷ್ಟರಲ್ಲಿ ಬಿಲ್ ಸತ್ತಿರುತ್ತದೆ. ಡ್ರೈವರ್‌ಗೆ ಇದು ಗೊತ್ತಾಗುವುದಿಲ್ಲ. ಕಚೇರಿಯಲ್ಲಿ ಒಬ್ಬರು ಇದನ್ನೇ ನೋಡಿಕೊಳ್ಳಬೇಕು.

ದ್ರಾಕ್ಷಿ ಸೀಮೆಯವರ ಪ್ರಶ್ನೆ: ಒಣದ್ರಾಕ್ಷಿಗೆ ತೆರಿಗೆ ಉಂಟಾ? ರೈತ ತಾನು ಬೆಳೆದದ್ದನ್ನು ತಾನೇ ಮಾರಿದರೆ ಜಿಎಸ್‌ಟಿ ಇಲ್ಲ ಎಂದು 2024ರ ಡಿಸೆಂಬರ್‌ನ ಜಿಎಸ್‌ಟಿ ಮಂಡಳಿ ಸಭೆ ಸ್ಪಷ್ಟಪಡಿಸಿತು. ವ್ಯಾಪಾರಿ ಕಳಿಸಿದರೆ ಉಂಟು. ಹಾಗಾಗಿ ವಿಜಯಪುರದಿಂದ ತಾಸಗಾಂವ್‌ಗೆ ಲೋಡ್ ಒಯ್ಯುವಾಗ ಸರಕು ಯಾರದು ಎಂಬುದಕ್ಕೆ ದಾಖಲೆ ಬೇಕು. ರೈತರದಾದರೆ ಪಹಣಿ ಪ್ರತಿ ಜೊತೆಗಿರಲಿ.

7. ಡ್ರೈವರ್

ಸಾರಿಗೆ ಗಾಡಿಯ ಲೈಸೆನ್ಸ್ ಐದು ವರ್ಷದ್ದು. ಗ್ಯಾಸ್, ಡೀಸೆಲ್‌ನಂಥ ಅಪಾಯದ ಸರಕು ಒಯ್ಯುವವರಿಗೆ ಆ ಅನುಮತಿ ಮೂರೇ ವರ್ಷದ್ದು, ತರಬೇತಿ ಮಾಡಿಯೇ ನವೀಕರಿಸಬೇಕು. ಲಘು ವಾಹನದ ಲೈಸೆನ್ಸ್ ಇದ್ದವರು 7,500 ಕೆ.ಜಿ.ವರೆಗಿನ ಸಾರಿಗೆ ಗಾಡಿ ಓಡಿಸಬಹುದು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದೆ. ಅದಕ್ಕಿಂತ ದೊಡ್ಡ ಗಾಡಿ ಕೊಡಬೇಡಿ. ಅಪಘಾತವಾದರೆ ವಿಮೆ ಕಂಪನಿ ಮೊದಲು ಕೇಳುವುದೇ ಡ್ರೈವರ್ ಲೈಸೆನ್ಸ್.

8. ಗಾಡಿ ಹಿಡಿದರೆ

ಮೊದಲು ಹಿಡಿದವರು ಯಾರು ಎಂದು ಡ್ರೈವರ್ ಹತ್ತಿರ ಕೇಳಿ. ಆರ್‌ಟಿಒ, ಪೊಲೀಸ್, ಜಿಎಸ್‌ಟಿ ಅಧಿಕಾರಿ, ಮೂವರೂ ಬೇರೆ. ಎಫ್‌ಸಿ ತಕರಾರಿಗೆ ಇನ್‌ವಾಯ್ಸ್ ಕಳಿಸಿ ಪ್ರಯೋಜನವಿಲ್ಲ.

ಜಿಎಸ್‌ಟಿಯವರಾದರೆ ಡ್ರೈವರ್ ಹೇಳಿಕೆಯನ್ನು ಎಂಒವಿ-01 ಎಂಬ ನಮೂನೆಯಲ್ಲಿ ಬರೆದುಕೊಳ್ಳುತ್ತಾರೆ. ಅದಕ್ಕೆ ಸಹಿ ಹಾಕುವ ಮೊದಲು ಫೋನ್ ಮಾಡಬೇಕು ಎಂದು ನಿಮ್ಮ ಡ್ರೈವರ್‌ಗೆ ಇವತ್ತೇ ಹೇಳಿಡಿ. ಮರಾಠಿಯಲ್ಲಿ ಏನು ಬರೆದಿದೆ ಎಂದು ಗೊತ್ತಿಲ್ಲದೆ ಸಹಿ ಹಾಕಿ ಬಂದರೆ ಆಮೇಲೆ ವಾದ ಮಾಡುವುದು ಕಷ್ಟ. ಗಾಡಿ ತಡೆಹಿಡಿದರೆ ಏಳು ದಿನದೊಳಗೆ ನೋಟಿಸ್ ಕೊಡಬೇಕು, ನೋಟಿಸ್ ಕೊಟ್ಟ ಏಳು ದಿನದೊಳಗೆ ಆದೇಶ ಮಾಡಬೇಕು.

ಸರಕಿನ ಮಾಲೀಕರು ಮುಂದೆ ಬಂದರೆ ದಂಡ ತೆರಿಗೆಯ 200 ಪ್ರತಿಶತ. ಬಾಗಲಕೋಟೆ ಕಡೆಯ ನಾಲ್ಕು ಲಕ್ಷ ಬೆಲೆಯ ಸಿಮೆಂಟ್ ಎಂದುಕೊಳ್ಳಿ. 18 ಪ್ರತಿಶತದಂತೆ ತೆರಿಗೆ 72,000, ದಂಡ 1,44,000. ಸರಕಿನವರು ಫೋನ್ ಎತ್ತುತ್ತಿಲ್ಲ, ನಿಮಗೆ ಗಾಡಿಯಾದರೂ ಬೇಕು ಅಂದರೆ, ಆ ದಂಡ ಅಥವಾ ಒಂದು ಲಕ್ಷ, ಯಾವುದು ಕಡಿಮೆಯೋ ಅದನ್ನು ಕಟ್ಟಿ ಗಾಡಿ ಬಿಡಿಸಿಕೊಳ್ಳಬಹುದು. ಈ ಒಂದು ಲಕ್ಷದ ಮಾತು ಜಿಎಸ್‌ಟಿ ಕಾಯ್ದೆಯ 129ನೇ ಕಲಮಿನಲ್ಲೇ ಇದೆ.

ಗಾಡಿ ನಂಬರಿನಲ್ಲಿ ಒಂದೆರಡು ಅಕ್ಷರ ತಪ್ಪಾಗಿದ್ದರೆ ಅಷ್ಟು ದೊಡ್ಡ ದಂಡ ಹಾಕುವಂತಿಲ್ಲ. 2018ರ ಸೆಪ್ಟೆಂಬರ್ 14ರ ಕೇಂದ್ರ ತೆರಿಗೆ ಮಂಡಳಿಯ 64ನೇ ಸುತ್ತೋಲೆಯ ಪ್ರಕಾರ ಇಂಥ ಸಣ್ಣ ತಪ್ಪಿಗೆ ಒಟ್ಟು 1,000 ರೂಪಾಯಿ. ಆ ಸುತ್ತೋಲೆಯ ಒಂದು ಪ್ರತಿ ಗಾಡಿಯ ಫೈಲಿನಲ್ಲಿರಲಿ. ಮತ್ತೆ, ಯಾರೇ ಕೇಳಲಿ, ರಸೀದಿ ಇಲ್ಲದೆ ಹಣ ಕೊಡಬೇಡಿ. ಹಾಗೆ ಕೊಟ್ಟ ಹಣದಿಂದ ಚಲನ್ ತೀರುವುದಿಲ್ಲ, ಅದು ಆನ್‌ಲೈನ್‌ನಲ್ಲಿ ಹಾಗೇ ಬಾಕಿ ನಿಂತಿರುತ್ತದೆ.